ಹೆಸರು ಇಲ್ಲಿ, ಹೂರಣ ಅಲ್ಲಿ!

ಶೆಟ್ಟಿಹಳ್ಳಿಯ ಮನೆಯೊಂದರಲ್ಲಿ ಪೊಲೀಸರು ಲ್ಯಾಪ್‌ಟಾಪ್ ವಶಪಡಿಸಿಕೊಂಡರೆನ್ನಿ. ಅದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ತಲುಪುವ ಮೊದಲೇ ಆರೋಪಿಯ ಗೆಳೆಯ ಬೇರೆಲ್ಲೋ ಕುಳಿತು, ತನ್ನ ಮೊಬೈಲಿನಿಂದಲೇ ಲೆಕ್ಕದ ಕಡತ ಅಳಿಸಿದರೆ? ಲ್ಯಾಪ್‌ಟಾಪ್ ಚಾಲೂ ಆಗಿ ಇಂಟರ್‌ನೆಟ್ ಸಿಕ್ಕಿದ್ದೇ ತಡ, ಇಲ್ಲಿಯ ಪ್ರತಿಯೂ ಮಾಯ! ಕ್ಲೌಡ್ ಸೇವೆಗಳ ‘ಸಿಂಕ್’ ಎಂದರೆ ಇದೇ. ಹಾಗಾಗಿ ಪರೀಕ್ಷಕರು ಮೊದಲು ಸಂಪರ್ಕ ಕಡಿಯಬೇಕು.

ಇನ್ನೊಂದು ಪೇಚು. ಪರದೆಯಲ್ಲಿ ಕಡತದ ಹೆಸರು ಕಾಣುತ್ತದೆ, ಒಳಗಿನ ವಿಷಯ ದೂರದ ಸರ್ವರಿನಲ್ಲಿರುತ್ತದೆ. ಡಿಸ್ಕ್ ನಕಲು ಮಾಡಿಕೊಂಡರೆ ಸಿಗುವುದು ಹೂರಣವಿಲ್ಲದ ಹೋಳಿಗೆ. ಗೂಗಲ್ ಡ್ರೈವ್‌ನ ಕಸದಬುಟ್ಟಿಗೆ ಬಿದ್ದದ್ದು 30 ದಿನಕ್ಕೆ ತಾನಾಗಿ ಅಳಿಯುತ್ತದೆ. ನಮ್ಮ ಸರ್ಕಾರಿ ಪತ್ರಗಳಿಗೆ ಅಷ್ಟು ಅವಸರವಿಲ್ಲ!

ಸಿಕ್ಕಿದ್ದನ್ನು ಕೋರ್ಟು ಒಪ್ಪಬೇಕಲ್ಲ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ‘ಹ್ಯಾಷ್’ ಮೌಲ್ಯ ಬರೆಯಬೇಕು. ತಜ್ಞರ ಸಹಿಯೂ ಬೇಕು.