ವಾಚ್ ಲೆಕ್ಕಕ್ಕೆ ಸಿಗದ ಸುಸ್ತು

ನಿಮ್ಮ ಸ್ಮಾರ್ಟ್‌ವಾಚ್ ಹೆಜ್ಜೆ ಎಣಿಸೋದು ಕೈ ಬೀಸೋದನ್ನ ನೋಡಿ. ಒಳಗಿರೋ ಆಕ್ಸೆಲೆರೋಮೀಟರ್ ಮಣಿಕಟ್ಟಿನ ಚಲನೆಯ ಲಯ ಹಿಡಿದು, ಇದು ನಡಿಗೆ ಅಂತ ತೀರ್ಮಾನಿಸುತ್ತೆ. ಪಾರ್ಕಿನ್ಸನ್ ಇರೋರ ವಿಷಯದಲ್ಲಿ ಎಡವಟ್ಟಾಗೋದು ಇಲ್ಲೇ. ನಡೆಯುವಾಗ ಒಂದು ಕೈ ಬೀಸೋದು ಕಡಿಮೆಯಾಗೋದು ಈ ಕಾಯಿಲೆಯ ಆರಂಭದ ಲಕ್ಷಣಗಳಲ್ಲೊಂದು. ಹೆಜ್ಜೆ ಚಿಕ್ಕದಾಗುತ್ತೆ, ಪಾದ ನೆಲಕ್ಕೆ ಉಜ್ಜುತ್ತೆ. ಪಾಪ, ಕಷ್ಟಪಟ್ಟು ಅಂಗಡಿಗೆ ಹೋಗಿಬಂದರೂ ಆ್ಯಪ್‌ನಲ್ಲಿ ಪೂರ್ತಿ ಲೆಕ್ಕ ಸಿಗದೇ ಇರಬಹುದು. ಯುರೋಪಿನ ಮೊಬಿಲೈಸ್-ಡಿ ಯೋಜನೆಯವರು ಸೆನ್ಸರನ್ನ ಸೊಂಟದ ಹಿಂಭಾಗದಲ್ಲಿ ಇಟ್ಟು, ದಿನನಿತ್ಯದ ಓಡಾಟದಲ್ಲೇ ನಡಿಗೆಯ ವೇಗ ಅಳೆದರು.

ಆಸ್ಪತ್ರೆಯಲ್ಲಿ ಅಳೆದರೆ ಸಾಲದಾ? ಸಾಲಲ್ಲ. ಡಾಕ್ಟರ ಎದುರು ಹತ್ತು ಮೀಟರ್ ನಡೆಯುವಾಗ ಎಲ್ಲರೂ ಹುಷಾರಾಗೇ ನಡೀತಾರೆ. ಮೇಲಾಗಿ ಲೆವೊಡೋಪಾ ಮಾತ್ರೆ ಕೆಲಸ ಮಾಡೋ ಗಂಟೆಯ ನಡಿಗೆಯೇ ಬೇರೆ, ಅದರ ಪ್ರಭಾವ ಇಳಿದ ಗಂಟೆಯ ನಡಿಗೆಯೇ ಬೇರೆ.

ಇಷ್ಟನ್ನ ನಾವು ಇಂಜಿನಿಯರ್‌ಗಳು ಹೇಗೋ ಸರಿಮಾಡಬಹುದು. ಸುಸ್ತನ್ನ ಏನು ಮಾಡೋದು? ಪಾರ್ಕಿನ್ಸನ್ ಇರೋರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರನ್ನ ಅದು ಕಾಡುತ್ತೆ. ರಾತ್ರಿ ಚೆನ್ನಾಗಿ ನಿದ್ದೆ ಬಂದರೂ ಹೋಗದ ಸುಸ್ತು ಅದು. ಕೆಲವರಿಗೆ ನಡುಕಕ್ಕಿಂತ ಮೊದಲೇ ಶುರುವಾಗುತ್ತೆ. ನಡುಕ ನೆಂಟರಿಗೂ ಕಾಣುತ್ತೆ, ಇದು ಮನೆಯವರಿಗೇ ಕಾಣಲ್ಲ. ನಮ್ಮ ದೊಡ್ಡಪ್ಪನ ಬಗ್ಗೆ ಮನೆಯಲ್ಲಿ ವರ್ಷಗಟ್ಟಲೆ ಇದೇ ಮಾತು: "ಸುಮ್ನೆ ಕೂತ್ಕೊಂಡೇ ಇರ್ತಾರೆ, ಸ್ವಲ್ಪ ಓಡಾಡಿದ್ರೆ ಏನಾಗುತ್ತೆ?" ಅವರು ಉತ್ತರ ಕೊಡೋದನ್ನೂ ಬಿಟ್ಟಿದ್ದರು.

ಒಂದು ದಿನ ಹೆಜ್ಜೆ ಕಡಿಮೆ ಬಂತು ಅನ್ನಿ. ಸುಸ್ತಾ, ಬೀಳ್ತೀನಿ ಅನ್ನೋ ಭಯಾನಾ, ಇಲ್ಲ ಹೊರಗೆ ಮಳೆನಾ? ಗ್ರಾಫ್ ನೋಡಿ ಹೇಳೋಕಾಗಲ್ಲ. ಅದಕ್ಕೇ ಸಂಶೋಧಕರು ಸೆನ್ಸರ್ ಜತೆ ಒಂದು ಸರಳ ಉಪಾಯ ಸೇರಿಸ್ತಾರೆ. ದಿನಕ್ಕೆ ಕೆಲವು ಸಲ ಫೋನ್ ಟಿಣ್ ಅನ್ನುತ್ತೆ, 'ಈಗ ಎಷ್ಟು ಸುಸ್ತಾಗಿದೆ?' ಅಂತ ಕೇಳುತ್ತೆ. ಆ ಉತ್ತರವನ್ನ ಅದೇ ಹೊತ್ತಿನ ನಡಿಗೆಯ ಡೇಟಾ ಪಕ್ಕ ಇಟ್ಟಾಗ, ಸುಸ್ತು ನಡೆದ ಮೇಲೆ ಬಂತಾ, ನಡೆಯೋಕೆ ಮೊದಲೇ ಇತ್ತಾ ಅನ್ನೋದು ಗೊತ್ತಾಗೋಕೆ ಶುರುವಾಗುತ್ತೆ. ಎರಡೂ ತಾಳೆಯಾಗದಿದ್ದರೆ ನಾನಂತೂ ಮನುಷ್ಯರ ಮಾತನ್ನೇ ನಂಬ್ತೀನಿ.

ಅಪ್ಪ-ಅಮ್ಮನಿಗೆ ವಾಚ್ ಕೊಡಿಸೋರು ಮೊದಲು ಆ 10,000 ಹೆಜ್ಜೆಯ ಗುರಿ ತೆಗೆದುಹಾಕಿ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸೋ ಸಾಧನದ ಹೆಸರಿನಿಂದ ಬಂದ ಸಂಖ್ಯೆ ಅದು. ಅದರ ಬದಲು ಮಾತ್ರೆ ತಗೊಂಡ ಸಮಯ, ಸುಸ್ತಾದ ಸಮಯ ಎರಡನ್ನೂ ಒಂದು ವಾರ ಬರೆದಿಟ್ಟು ನ್ಯೂರಾಲಜಿಸ್ಟ್‌ಗೆ ತೋರಿಸಿ. ಕ್ಯಾಲೆಂಡರ್ ಹಾಳೆ ಮೇಲೆ ಬರೆದರೂ ನಡೆಯುತ್ತೆ.