ಗಡಿಕಂಬವೂ ಒಂದು ಪುಟ್ಟ ಡಬ್ಬಿಯೂ

ಗಡಿ ಎಂದೊಡನೆ ನಮ್ಮ ಜಿಲ್ಲೆಯ ಕನ್ನಡಿಗರ ಮನಸ್ಸು ತಲಪಾಡಿಯತ್ತ ಹೋಗುವುದು ಸಹಜ. ಇಂದು ನಾವು ವಾಚಕರನ್ನು ದೂರದ ಇನ್ನೊಂದು ಗಡಿಗೆ ಕರೆದೊಯ್ಯಬಯಸುತ್ತೇವೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳ ನಡುವೆ, ಹೊಲ ತೋಪುಗಳನ್ನು ದಾಟುತ್ತಾ, ಗಡಿಕಂಬಗಳ ಜಾಡು ಹಿಡಿದು ಜನರು ಮಕ್ಕಳೊಡನೆ ನಡೆಯುತ್ತಾರೆ. ಅವರು ಹುಡುಕುವುದು ಯಾರೋ ಅಡಗಿಸಿಟ್ಟ ಒಂದು ಡಬ್ಬಿಯನ್ನು.

ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. 2000ದ ಮೇ 2ರಂದು ಅಮೆರಿಕವು ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿತು. ಮರುದಿನವೇ ಓರೆಗಾನ್ ರಾಜ್ಯದಲ್ಲಿ ಒಬ್ಬಾತ ಬಕೆಟೊಂದನ್ನು ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಆಟದ ನಿಯಮಗಳು ಸರಳ. ಡಬ್ಬಿ ಸಿಕ್ಕಿದವರು ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಅದನ್ನು ಇದ್ದಲ್ಲಿಯೇ ಇಡಬೇಕು. ಒಳಗಿನ ವಸ್ತುವನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಇಡಬೇಕು.

ಆ ಗಡಿಯನ್ನು ಗೊತ್ತುಪಡಿಸಿದ್ದು 1843ರ ಒಪ್ಪಂದ. ಒಂದನೆಯ ಕಂಬ ಫಾಲ್ಸ್ ಊರಿನ ಗುಡ್ಡದ ಮೇಲೆ. 369ನೆಯದು ಉತ್ತರ ಸಮುದ್ರದ ಬಳಿ. 214 ಮತ್ತು 215ನೆಯ ಕಂಬಗಳ ನಡುವೆ, ಬಾರ್ಲೆ ಎಂಬಲ್ಲಿ ಮಾತ್ರ ಗೆರೆ ಎಳೆಯಲು ಆಗಲೇ ಇಲ್ಲ. ಒಂದೊಂದು ಹಿತ್ತಲು, ಒಂದೊಂದು ಗದ್ದೆ ಯಾವ ದೇಶದ್ದೆಂದು ಪಟ್ಟಿ ಮಾಡಬೇಕಾಯಿತು. ನೆದರ್ಲೆಂಡ್ಸಿನೊಳಗೆ ಬೆಲ್ಜಿಯಂನ 22 ತುಂಡುಗಳು ಅಲ್ಲಿವೆ. ಗೆರೆ ಮನೆಯ ಮಧ್ಯೆ ಹಾದರೆ, ಮುಂಬಾಗಿಲು ಇರುವ ದೇಶಕ್ಕೆ ಆ ಮನೆ ಸೇರುತ್ತದೆ.

ಇದೇ ಗಡಿಯುದ್ದಕ್ಕೂ 1915ರಲ್ಲಿ ಜರ್ಮನ್ ಸೈನ್ಯವು ವಿದ್ಯುತ್ ಹರಿಸಿದ ತಂತಿಬೇಲಿ ಕಟ್ಟಿತ್ತು; ದಾಟಹೋದ ನೂರಾರು ಮಂದಿ ಸತ್ತರು. ಕೆಲವೆಡೆ ಅದರ ತುಣುಕನ್ನು ನೆನಪಿಗೆಂದು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಡಬ್ಬಿ ಹುಡುಕಹೋದ ಮಗು ಅದನ್ನು ಕಂಡು ಏನೆಂದು ಕೇಳದಿರದು. ಪಾಠಪುಸ್ತಕ ಮಾಡಲಾರದ ಕೆಲಸವನ್ನು ಕಾಲ್ನಡಿಗೆ ಮಾಡುತ್ತದೆ.

ಈಗ ಅಲ್ಲಿ ನಿತ್ಯದ ತಪಾಸಣೆ ಇಲ್ಲ. ಆದರೂ ಗೆರೆ ಸತ್ತಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಎರಡು ದೇಶಗಳ ನಿಯಮ ಬೇರೆಯಾಗಿ, ಬಾರ್ಲೆಯ ಒಂದೇ ಬಟ್ಟೆ ಅಂಗಡಿಯ ಅರ್ಧ ಮುಚ್ಚಿತು, ಅರ್ಧ ತೆರೆದಿತ್ತು. ಅದೇ ತಿಂಗಳು ನಮ್ಮ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಈಚೆ ಉಳಿದುದನ್ನು ಯಾರೂ ಮರೆತಿಲ್ಲ.

ನಮ್ಮದು ರಾಜ್ಯಗಳ ನಡುವಣ ಗಡಿ, ದೇಶಗಳದ್ದಲ್ಲ. 1956ರ ನವೆಂಬರ್ 1ರಿಂದ ನಾವು ಅದರ ಬಗ್ಗೆ ಮಾತನಾಡುತ್ತಲೇ ಬಂದಿದ್ದೇವೆ. ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದ ಮಹಾಜನ ವರದಿ 1967ರಿಂದ ಕಡತದಲ್ಲಿದೆ. ಆದರೆ ಮಕ್ಕಳ ಕೈಹಿಡಿದು ಆ ಗಡಿಯಗುಂಟ ನಡೆದವರು ನಮ್ಮಲ್ಲಿ ಎಷ್ಟು ಮಂದಿ? ಮನೆಯ ಹಿಂದಿನ ಗುಡ್ಡದ, ಕೆರೆಯ, ಬಯಲಿನ ಕನ್ನಡ ಹೆಸರು ಎಷ್ಟು ಮಕ್ಕಳಿಗೆ ಗೊತ್ತು? ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರೊಡನೆ ಹೆಸರುಗಳೂ ಹೋಗುತ್ತವೆ.

ಆದುದರಿಂದ ನಮ್ಮ ಶಾಲೆಗಳಿಗೂ ವಾಚನಾಲಯಗಳಿಗೂ ಒಂದು ಸೂಚನೆ. ತಿಂಗಳಿಗೊಂದು ಭಾನುವಾರ ಇಂತಹ ನಡಿಗೆ ಏರ್ಪಡಿಸಿ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯ ಆಸುಪಾಸಿನಿಂದ ತೊಡಗಬಹುದು. ಜಾಗದವರ ಒಪ್ಪಿಗೆ ಪಡೆದು ಡಬ್ಬಿ ಇಡಿ. ಒಬ್ಬ ಹಿರಿಯರನ್ನು ಜತೆಗೆ ಕರೆದೊಯ್ಯಿರಿ. ನೆರೆಮನೆಯ ಮಲೆಯಾಳಿ ಮಕ್ಕಳೂ ಬರಲಿ, ತಮ್ಮ ಲಿಪಿಯಲ್ಲಿ ಬರೆಯಲಿ. ಫೋನು ಹೇಗೂ ಮಕ್ಕಳ ಕೈಯಲ್ಲಿದೆ. ಅದು ಅವರನ್ನು ಹೊರಗೆ ಕರೆತಂದರೆ ಲಾಭವೇ.

ಇದರಿಂದ ಗಡಿಪ್ರಶ್ನೆ ಬಗೆಹರಿಯುವುದೆಂದು ನಾವು ಹೇಳುತ್ತಿಲ್ಲ. ಆದರೆ ಆ ಪುಸ್ತಕದಲ್ಲಿ ತನ್ನ ಹೆಸರನ್ನೂ ತಾನು ನಿಂತ ಗುಡ್ಡದ ಹೆಸರನ್ನೂ ಕನ್ನಡದಲ್ಲಿ ಬರೆಯಬಲ್ಲ ಮಗು ನಮ್ಮ ಮನೆಗಳಲ್ಲಿ ಇರಬೇಕು. ಅದು ಯಾವ ಆಯೋಗವೂ ಮಾಡಿಕೊಡುವ ಕೆಲಸವಲ್ಲ, ನಮ್ಮದೇ.