ಕೆಲಸದ ಮೇಜು ಭಾರವಿದ್ದರೆ ಮಾತ್ರ ಗಟ್ಟಿಯೇ? ಪ್ಲೈವುಡ್ ವರ್ಕ್‌ಬೆಂಚ್‌ನ ನಿಜ ಸಂಗತಿ

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಒಂದಲ್ಲ ಒಂದು ಫ್ಲ್ಯಾಟಿನಲ್ಲಿ ಇಂಟೀರಿಯರ್ ಕೆಲಸ ನಡೆಯುತ್ತಲೇ ಇರುತ್ತದೆ. ಅಲ್ಲಿ ಬಡಗಿಗಳು ಹೇಗೆ ಕೆಲಸ ಮಾಡುತ್ತಾರೆಂದು ನೋಡಿದ್ದೀರಾ? ನೆಲದ ಮೇಲೆ ಪ್ಲೈ ಹಾಸಿ, ಒಂದು ಕಾಲಿನಿಂದ ಅದನ್ನು ಒತ್ತಿ ಹಿಡಿದು, ಬಗ್ಗಿಕೊಂಡು ಕಟರ್ ಓಡಿಸುತ್ತಾರೆ. ‘ಮೇಜು ಯಾಕಿಲ್ಲ?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಗಟ್ಟಿ ಮೇಜು ಅಂದರೆ ಭಾರ. ದಿನಕ್ಕೊಂದು ಮನೆಗೆ ಅದನ್ನು ಹೊತ್ತುಕೊಂಡು ಹೋಗೋಕಾಗುತ್ತಾ?’

ಈ ನಂಬಿಕೆ ಎಷ್ಟು ನಿಜ ಎಂದು ನೋಡೋಣ.

ಪ್ಲೈವುಡ್ ಗಟ್ಟಿಯಾಗುವುದು ಹೇಗೆ?

ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ತೀರಾ ಕಡಿಮೆ, ಅಡ್ಡಕ್ಕೆ ಅದರ ಹತ್ತಾರು ಪಟ್ಟು. ಹಸಿ ಹಲಗೆ ಬೇಸಿಗೆಯಲ್ಲಿ ಸೊಟ್ಟಗಾಗುವುದು, ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದು ಇದೇ ಕಾರಣಕ್ಕೆ.

ಪ್ಲೈವುಡ್‌ನಲ್ಲಿ ತೆಳುವಾದ ಮರದ ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಇನ್ನೊಂದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸುತ್ತಾರೆ. ಹೀಗಾಗಿ ಒಂದು ಪದರ ಹಿಗ್ಗಲು ಹೋದರೆ ಪಕ್ಕದ ಪದರ ತಡೆಯುತ್ತದೆ. ಎರಡೂ ಮೈ ಸಮತೋಲದಲ್ಲಿರಲೆಂದು ಸಾಮಾನ್ಯವಾಗಿ ಪದರಗಳ ಸಂಖ್ಯೆ 3, 5, 7 ಹೀಗೆ ಬೆಸವಾಗಿರುತ್ತದೆ. ಈ ವಿಷಯದ ಸಂಶೋಧನೆ ನಮ್ಮ ಊರಿನಲ್ಲೇ ನಡೆದಿದೆ. ಪ್ಲೈವುಡ್‌ಗೆಂದೇ ಮೀಸಲಾದ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಐಪಿಐಆರ್‌ಟಿಐ 1962ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲಿ, ಪೀಣ್ಯಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ.

ಭಾರ ಕಡಿಮೆ, ಬಿಗಿ ಹೆಚ್ಚು: ಹೇಗೆ?

ಹಲಗೆ ಬಾಗದಿರುವುದು ಅದರ ತೂಕದಿಂದಲ್ಲ, ದಪ್ಪದಿಂದ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ. ಆ ದಪ್ಪದ ನಡುಭಾಗ ಟೊಳ್ಳಾಗಿದ್ದರೂ ನಡೆಯುತ್ತದೆ. ಆನ್‌ಲೈನ್ ಆರ್ಡರ್ ಬರುವ ರಟ್ಟಿನ ಡಬ್ಬವನ್ನೇ ನೋಡಿ: ಎರಡು ತೆಳು ಕಾಗದ, ನಡುವೆ ಅಲೆಯಂಥ ಪದರ. ಅಷ್ಟಕ್ಕೇ ಅದು ಕಿಲೋಗಟ್ಟಲೆ ಸಾಮಾನು ಹೊರುತ್ತದೆ.

ಮೇಜಿಗೂ ಇದೇ ಉಪಾಯ. 4 ಅಡಿ ಉದ್ದ, 2 ಅಡಿ ಅಗಲದ 9 ಮಿ.ಮೀ. ಪ್ಲೈ ತುಂಡು ಎರಡು ಬೇಕು. ನಡುವೆ 12 ಮಿ.ಮೀ. ಪ್ಲೈನ 75 ಮಿ.ಮೀ. ಎತ್ತರದ ಪಟ್ಟಿಗಳನ್ನು ನಿಲ್ಲಿಸಿ, ಅಂಟು ಮತ್ತು ಸ್ಕ್ರೂ ಹಾಕಿ ಮುಚ್ಚಿದರೆ ಒಂದು ಚಪ್ಪಟೆ ಪೆಟ್ಟಿಗೆ ಸಿದ್ಧ. ತೂಕ ಸುಮಾರು 12 ಕೆ.ಜಿ. ಒಬ್ಬರೇ ಲಿಫ್ಟಿನಲ್ಲಿ ಒಯ್ಯಬಹುದು. ಅದೇ 8×4 ಅಡಿಯ 18 ಮಿ.ಮೀ. ಹಾಳೆ ಒಂದೇ ಸುಮಾರು 35 ಕೆ.ಜಿ. ತೂಗುತ್ತದೆ. ಅಂಟು ಒಣಗುವಾಗ ಪೆಟ್ಟಿಗೆ ಸಮತಟ್ಟಾದ ನೆಲದ ಮೇಲಿರಲಿ. ಆಗ ಸೊಟ್ಟಗಾದರೆ ಮತ್ತೆ ಸರಿಮಾಡಲಾಗದು.

ಕೆಳಗೆ ಮಡಚುವ ಎರಡು ಸ್ಟ್ಯಾಂಡ್ ಸಾಕು, ಆದರೆ ಕಾಲುಗಳಿಗೆ ಓರೆಪಟ್ಟಿ ಬೇಕೇ ಬೇಕು. ಚೌಕ ಅಲುಗಾಡುತ್ತದೆ, ತ್ರಿಕೋನ ಅಲುಗಾಡುವುದಿಲ್ಲ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿರುತ್ತದೋ ಹೆಚ್ಚುಕಡಿಮೆ ಅಷ್ಟು ಎತ್ತರ ಸರಿ.

ಹಾಗಾದರೆ ಭಾರಕ್ಕೆ ಬೆಲೆಯೇ ಇಲ್ಲವೇ? ಇದೆ. ಉಜ್ಜುಗೊರಡು ತಳ್ಳುವಾಗ ಹಗುರ ಮೇಜು ಜಾರುತ್ತದೆ. ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅಥವಾ ಕೆಳಗೊಂದು ಹಲಗೆ ಹಾಕಿ ಟೂಲ್ ಬಾಕ್ಸ್ ಇಡಿ.

‘710 ಅಂದರೆ ನೀರು ತಾಗಿದರೂ ಏನೂ ಆಗಲ್ಲ’: ನಿಜವೇ?

ಅರ್ಧ ನಿಜ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈನ ಮಾನದಂಡ. ಅದರಲ್ಲಿ ಎಂಆರ್, ಬಿಡಬ್ಲ್ಯೂಆರ್ ಎಂಬ ಎರಡು ದರ್ಜೆಗಳಿವೆ. ಐಎಸ್ 710 ದೋಣಿ, ಹಡಗಿನ ಕೆಲಸದ ಮರೈನ್ ಪ್ಲೈನದು. ಅದರ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಅಂಟು ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಗಮನಿಸಿ, ಇಲ್ಲಿ ಪರೀಕ್ಷೆಯಾಗುವುದು ಅಂಟಿನ ಹಿಡಿತ. ಮರ ನೀರು ಹೀರುವುದಿಲ್ಲ ಎಂದು ಇದರರ್ಥವಲ್ಲ. ಯಾವ ದರ್ಜೆಯಾದರೂ ಕತ್ತರಿಸಿದ ಅಂಚಿಗೆ ವಾರ್ನಿಷ್ ಅಥವಾ ಬಣ್ಣ ಬಳಿಯಬೇಕು.

ಮನೆಯೊಳಗಿನ ಮೇಜಿಗೆ ಎಂಆರ್ ಸಾಕು. ಬಾಲ್ಕನಿಯಲ್ಲಿಡುವುದಾದರೆ ಬಿಡಬ್ಲ್ಯೂಆರ್ ಒಳ್ಳೆಯದು. ಹಾಳೆಯ ಮೇಲೆ ‘710’ ಎಂದು ಮುದ್ರಿಸಿದ ಮಾತ್ರಕ್ಕೆ ನಂಬಬೇಡಿ. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಅದನ್ನು ಮೊಬೈಲ್‌ನಲ್ಲೇ, ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಮೇಜು ಯಾಕೆ ಅಷ್ಟು ಮುಖ್ಯ?

ನಮ್ಮಲ್ಲಿ ಪ್ಲೈ ಕತ್ತರಿಸಲು ಎಷ್ಟೋ ಕಡೆ ಬಳಸುವುದು 4 ಇಂಚಿನ ಮಾರ್ಬಲ್ ಕಟರ್. ಕಲ್ಲು ಕತ್ತರಿಸಲೆಂದು ಮಾಡಿದ ಈ ಯಂತ್ರಕ್ಕೆ ಹಲ್ಲಿರುವ ಮರದ ಬ್ಲೇಡ್ ಹಾಕುತ್ತಾರೆ. ಅದು ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ, ಆದರೆ ಮರದ ಗರಗಸ ಯಂತ್ರದಂತೆ ಬ್ಲೇಡಿನ ಕೆಳಭಾಗವನ್ನು ತಾನಾಗಿ ಮುಚ್ಚುವ ಕವಚ ಇದಕ್ಕಿಲ್ಲ. ಪ್ಲೈಗೆ ಎರಡು ತುದಿಯಲ್ಲಿ ಮಾತ್ರ ಆಸರೆಯಿದ್ದರೆ ಕತ್ತರಿಸುತ್ತ ಹೋದಂತೆ ನಡುಭಾಗ ಕುಸಿದು ಬ್ಲೇಡನ್ನು ಕಚ್ಚಿಕೊಳ್ಳುತ್ತದೆ. ಆಗ ಯಂತ್ರ ಹಿಡಿದವರ ಕಡೆಗೇ ಚಿಮ್ಮುತ್ತದೆ. ನೆಲದಲ್ಲಿ ಒತ್ತಿ ಹಿಡಿದ ಕಾಲು ಅಲ್ಲೇ ಇರುತ್ತದೆ. ಮೇಜಿನ ಮೇಲೆ ಪೂರ್ತಿ ಆಸರೆ ಕೊಟ್ಟು ಕ್ಲಾಂಪ್ ಹಾಕಿದರೆ ಎರಡೂ ಕೈ ಯಂತ್ರದ ಮೇಲಿರುತ್ತವೆ, ಕಾಲು ದೂರವಿರುತ್ತದೆ. ಆದರೂ ಮರಕ್ಕೆಂದೇ ಮಾಡಿದ ಯಂತ್ರವೇ ಸರಿಯಾದದ್ದು.

ಇನ್ನು ಧೂಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ ಮರದ ಧೂಳನ್ನು 1995ರಲ್ಲಿ, ಪ್ಲೈ ಅಂಟಿನಲ್ಲಿ ಬಳಸುವ ಫಾರ್ಮಾಲ್ಡಿಹೈಡನ್ನು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಗಾಬರಿ ಬೇಡ. ಪುರಾವೆ ಎಷ್ಟು ಗಟ್ಟಿ ಎಂಬುದನ್ನಷ್ಟೇ ಈ ಗುಂಪು ಹೇಳುತ್ತದೆ. ಒಂದು ಮೇಜು ಮಾಡಿದವರಿಗೂ ವರ್ಷಗಟ್ಟಲೆ ಮುಚ್ಚಿದ ಕೋಣೆಯಲ್ಲಿ ಪ್ಲೈ ಕತ್ತರಿಸುವವರಿಗೂ ಅಪಾಯ ಒಂದೇ ಅಲ್ಲ. ಕರ್ಚೀಫು ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್‌95 ಮಾಸ್ಕ್, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಬೇಕು.

ಕೊನೆಯ ಮಾತು

ಭಾರವಿದ್ದರೆ ಮಾತ್ರ ಗಟ್ಟಿ ಎಂಬುದು ತಪ್ಪು. 9 ಮಿ.ಮೀ.ನ ಅರ್ಧ ಹಾಳೆ, ಉಳಿದ ಪಟ್ಟಿಗಳು, ಒಂದು ದಿನದ ಕೆಲಸ: ಇಷ್ಟರಲ್ಲಿ ಮೇಜು ಆಗುತ್ತದೆ. ನಿಮ್ಮ ಮನೆಯ ಇಂಟೀರಿಯರ್ ಕೆಲಸ ಇನ್ನೇನು ಶುರುವಾಗುವುದಿದ್ದರೆ, ಆ ಅರ್ಧ ಹಾಳೆಯ ಖರ್ಚನ್ನು ನೀವೇ ಕೊಟ್ಟು, ಮೊದಲು ಮೇಜು ಮಾಡಿಕೊಳ್ಳಿ ಎಂದು ಬಡಗಿಗೆ ಹೇಳಿ. ಕೆಲಸ ಮುಗಿದ ಮೇಲೆ ಅದನ್ನು ಅವರು ಮುಂದಿನ ಮನೆಗೆ ಒಯ್ಯಲಿ.